ಮುಂಗುಸಿ ಯಾವ ಗುಂಪಿಗೆ?

ನಮ್ಮ ಅಕ್ಕೋರು ಹೊಡೆಯುತ್ತಿದ್ದರು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಹೋದ ತಿಂಗಳು ಅವರು ತೀರಿಕೊಂಡಾಗಿನಿಂದ ಫೋನ್ ಮಾಡಿದವರೆಲ್ಲ ‘ತಾಯಿಯಂಥವರು’, ‘ದೇವರಂಥವರು’ ಎನ್ನುತ್ತಿದ್ದಾರೆ. ತಾಯಿಯೂ ಅಲ್ಲ, ದೇವರೂ ಅಲ್ಲ. ಅವರು ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆಂದರೆ ಮರುಗಳಿಗೆಗೆ ಯಾರದೋ ಅಂಗೈ ಮೇಲೆ ಹಸಿ ಹುಣಸೆ ಕಡ್ಡಿಯ ಬರಲು ಬೀಳುತ್ತಿತ್ತು. ನನ್ನ ಮಗ್ಗುಲಲ್ಲಿ ಕೂರುತ್ತಿದ್ದ ಹುಡುಗಿ ಒಂದೇ ಏಟಿಗೆ ಶಾಲೆ ಬಿಟ್ಟಳು. ಅವಳು ಮತ್ತೆ ಬರಲೇ ಇಲ್ಲ, ಅಕ್ಕೋರು ಕರೆಯಲು ಹೋಗಲೂ ಇಲ್ಲ.

ಎಪ್ಪತ್ತರ ದಶಕದ ಶುರುವಿನ ಮಾತು. ಟಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ನಾಲ್ಕನೇ ಇಯತ್ತೆ ಓದುತ್ತಿದ್ದೆ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅಂತಲೇ ಅನ್ನುವುದು. ಇವರ ಮನೆ ಬಿಜಾಪುರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ತಂದೆ ಇರಲಿಲ್ಲ, ಮುದಿ ತಾಯಿ ಇದ್ದರು. ಮದುವೆ ಆಗಿರಲಿಲ್ಲ. ದಿನಾ ಮುಂಜಾನೆ ಅಥಣಿ ಕಡೆಯ ಬಸ್ಸು ಹತ್ತಿ, ತೊರವಿ ದಾಟಿ ಬರುತ್ತಿದ್ದರು. ಬಡಕಲು ಮೈ, ಉದ್ದನೆಯ ಕೈ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲೊಂದು ಕರಿ ಛತ್ರಿ. ಮುಸಲ್ಮಾನರ ಮನೆಯ ಹೆಣ್ಣುಮಗಳು ಹಿಂಗ ಬಸ್ಸಿನ್ಯಾಗ ಒಬ್ಬಾಕೀನ ತಿರಗೂದೇನು ಎಂದು ಅವರ ಓಣಿಯವರೂ ಅನ್ನುತ್ತಿದ್ದರಂತೆ, ನಮ್ಮೂರಿನವರೂ ಅನ್ನುತ್ತಿದ್ದರು.

ಪ್ರಾಣಿಗಳ ಗುಂಪು ಎಂಬ ಪಾಠವೆಂದರೆ ಅವರಿಗೆ ಜೀವ. ಪುಸ್ತಕದಲ್ಲಿ ಎರಡೇ ಪುಟ ಇದ್ದದ್ದನ್ನು ಅವರು ಎರಡು ತಿಂಗಳು ಕಲಿಸಿದರು. ಗೋಡೆಗೆ ಸುಣ್ಣದಲ್ಲಿ ಐದು ಮನೆ ಬರೆದಿದ್ದರು. ಮೀನಿಗೊಂದು, ಕಪ್ಪೆಗೊಂದು, ಹಾವು ಹಲ್ಲಿಗಳಿಗೊಂದು, ಹಕ್ಕಿಗಳಿಗೊಂದು, ಕೊನೆಯದು ಸಸ್ತನಿಗಳಿಗೆ. ನಾವು ಹಾದಿಯಲ್ಲಿ ಸತ್ತು ಬಿದ್ದದ್ದನ್ನೆಲ್ಲ ಎತ್ತಿಕೊಂಡು ಹೋಗಬೇಕು. ಓತಿಕ್ಯಾತ, ಕಪ್ಪೆ, ಗುಬ್ಬಿ, ಒಮ್ಮೆ ಚಕ್ಕಡಿಯ ಗಾಲಿಗೆ ಸಿಕ್ಕ ಇಲಿ. ಅದನ್ನು ಮೇಜಿನ ಮೇಲಿಟ್ಟು ಪ್ರಶ್ನೆ ಶುರು.

“ಬೆನ್ನೆಲುಬು ಐತೇನು? ಮೈ ಮ್ಯಾಲ ಏನೈತಿ, ಪುಕ್ಕಾನೋ ಕೂದಲೋ? ತತ್ತಿ ಇಡತೈತೋ, ಮರಿ ಹಾಕತೈತೋ? ಮರಿಗೆ ಮೊಲಿ ಕುಡಸತೈತೋ?”

ಮೊಲಿ ಎಂದಾಗ ನಾವು ಕಿಸಕ್ಕನೆ ನಕ್ಕರೆ ಬರಲು ಸುಯ್ಯೆನ್ನುತ್ತಿತ್ತು. “ನಗಬ್ಯಾಡ್ರಿ. ಗುರುತು ನೋಡ್ರಿ. ಹೆಸರ ಕೇಳಿ ಮೋಸ ಹೋಗಬ್ಯಾಡ್ರಿ.” ಬಾವಲಿ ಹಕ್ಕಿ ಎಂದವಳಿಗೆ ಎರಡು ಏಟು. ಆಮೆ ಮೀನು ಎಂದವಳಿಗೆ ಮೂರು. ಮನುಷ್ಯ ಯಾವ ಮನೆಗೆ ಎಂದು ಕೇಳಿದಾಗ ನಾನು ಎದ್ದು, “ಮನಷ್ಯಾ ಪ್ರಾಣಿ ಅಲ್ಲರಿ” ಎಂದೆ. ನನಗೆ ನಾಲ್ಕು ಬಿದ್ದವು. ಅವತ್ತು ಅಂಗೈ ಬಾತು ರೊಟ್ಟಿ ಮುರಿಯಲಾಗಲಿಲ್ಲ.

ನನ್ನ ಕೈ ನೋಡಿ ಕೆಂಡವಾದವನು ನಮ್ಮ ಕಾಕಾ, ಅಪ್ಪನ ತಮ್ಮ. ಊರ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹೆಸರಾದ ಪೈಲ್ವಾನ. ಅಪ್ಪ ವರ್ಷದ ಅರ್ಧ ಕುರಿ ಹೊಡೆದುಕೊಂಡು ಡೋಣಿ ಹೊಳೆಯ ಸೀಮೆಯಲ್ಲಿರುತ್ತಿದ್ದ, ಮನೆಗೆ ಕಾಕಾನೇ ಯಜಮಾನ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಮರುದಿನ ಶಾಲೆಯ ಬಾಗಿಲಿಗೆ ಬಂದು ನಿಂತು ಗುಡುಗಿದ.

“ನಮ್ಮ ಹುಡಿಗೀನ ನಾಯಿ ಹಂದಿ ಸಾಲಿನ್ಯಾಗ ಕುಂಡರಸ್ತೀರೇನು? ಇದನ ಕಲಸಾಕ ಪಗಾರ ಕೊಡತಾರ ನಿಮಗ?”

ಅಕ್ಕೋರು ಹಲಗೆಗೆ ಬರೆಯುವ ಖಡು ಕೆಳಗಿಟ್ಟರು. ಸೀರೆಗೆ ಕೈ ಒರೆಸಿಕೊಂಡರು. ತುಟಿ ಕಚ್ಚಿದರು. ಆಮೇಲೆ ಇಡೀ ವರ್ಗಕ್ಕೆ ಕೇಳುವಂತೆ ಅಂದರು:

“ಹಂಗಾರ ನಿಮ್ಮವ್ವ ನಿನ್ನ ತತ್ತಿ ಇಟ್ಟು, ಕಾವು ಕೊಟ್ಟು ಒಡಿಸ್ಯಾಳೇನಪ್ಪಾ?”

ನಲವತ್ತು ಹುಡುಗಿಯರು ಹೋ ಎಂದು ನಕ್ಕೆವು. ನಾನೂ ನಕ್ಕೆ. ಕಾಕಾನ ಮುಖ ಇಟ್ಟಂಗಿಯ ಹಾಗೆ ಕೆಂಪಾಯಿತು. ಬಾಗಿಲಿನಿಂದಲೇ ತಿರುಗಿ ಹೋದ. ಸಂಜೆಯೊಳಗೆ ಆ ಮಾತು ತಾಲೀಮು ಮುಟ್ಟಿತ್ತು. ಅವನ ಜೊತೆಗಾರರು ‘ತತ್ತಿ ಪೈಲ್ವಾನ’ ಎಂದು ಹೆಸರಿಟ್ಟರು. ಹಾಗೆ ಕರೆದ ಒಬ್ಬನ ಮೂಗನ್ನು ಕಾಕಾ ಒಡೆದ, ಆದರೆ ಹೆಸರು ಒಡೆಯಲಿಲ್ಲ.

ಹೋಳಿ ಹುಣ್ಣಿಮೆಯಾಗಿ ಎಂಟು ದಿನ ಆಗಿರಬೇಕು. ತೊರವಿ ಕಡೆಯ ನಮ್ಮ ಹೊಲದಲ್ಲಿ ಮರಿ ಹಾಕಿದ ಕುರಿಗಳನ್ನಷ್ಟೇ ಉಳಿಸಿಕೊಂಡು ಮುಳ್ಳುಬೇಲಿಯ ದಡ್ಡಿಯಲ್ಲಿ ಕೂಡಿಹಾಕಿದ್ದೆವು. ಹಾಡಹಗಲು. ನಾನು ಒಂದು ಮರಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಮುಳ್ಳುಬೇಲಿಯೊಳಗಿಂದ ಒಂದು ಮುಂಗುಸಿ ಬಂತು. ಮುಂಗುಸಿ ಮನುಷ್ಯರನ್ನು ಕಂಡರೆ ಓಡುವ ಪ್ರಾಣಿ, ಇದು ಓಡಲಿಲ್ಲ. ಕುಡಿದವರ ಹಾಗೆ ಹಿಂಗಾಲು ಎಳೆಯುತ್ತ ನೆಟ್ಟಗೆ ನನ್ನ ಕಡೆಗೇ ಬಂತು. ಬಾಯಿಯಿಂದ ನೊರೆ ಇಳಿಯುತ್ತಿತ್ತು. ಮರಿಗೆ ಬಾಯಿ ಹಾಕಿತು, ನಾನು ಕೈ ಅಡ್ಡ ತಂದೆ. ಹೆಬ್ಬೆರಳಿನ ಬುಡಕ್ಕೆ ಕಚ್ಚಿ ಹಾಗೇ ನೇತಾಡಿತು. ಕೈ ಝಾಡಿಸಿದಷ್ಟೂ ಹಲ್ಲು ಇಳಿಯಿತು.

ನನ್ನ ಚೀರಾಟಕ್ಕೆ ಕಾಕಾ ಓಡಿ ಬಂದ. ಕೊಡಲಿ ಅಲ್ಲೇ ಇತ್ತು, ಬೀಸಿದರೆ ನನ್ನ ಕೈಯೇ ಹೋಗುತ್ತಿತ್ತು. ಅದರ ಎರಡೂ ದವಡೆಗೆ ಬೆರಳು ಹಾಕಿ ಅಗಲಿಸಿದ. ನನ್ನ ಕೈ ಬಿಟ್ಟು ಅದು ಅವನ ಮಣಿಕಟ್ಟು ಕಚ್ಚಿತು. ಕಾಕಾ ಅದರ ಬಾಲ ಹಿಡಿದು ಬಂಡೆಗೆ ಬಡಿದ. ಸತ್ತ ಮೇಲೂ ಬಡಿದ, ಬಂಡೆಯೆಲ್ಲ ಕೆಂಪಾಗುವವರೆಗೆ.

ಮನೆಯಲ್ಲಿ ಆಯಿ, ಅಂದರೆ ನಮ್ಮ ಅಜ್ಜಿ, ನನ್ನ ಗಾಯಕ್ಕೆ ಅರಿಶಿನ ಸುಣ್ಣ ಮೆತ್ತಿದಳು. “ಚಲೋನ ಆತು ಬಿಡು. ಮುಂಗುಸಿ ಹಲ್ಲ ತಾಗಿದವರಿಗೆ ಹಾವಿನ ವಿಷ ಏರೂದಿಲ್ಲ” ಎಂದಳು. ಕಾಕಾ ತನ್ನ ಮಣಿಕಟ್ಟಿಗೆ ಒಂದು ತಂಬಿಗೆ ನೀರು ಹಾಕಿಕೊಂಡು ತಾಲೀಮಿಗೆ ಹೋದ.

ಮೂರನೆಯ ದಿನ ಕೈಗೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಹೋದೆ. ಅಕ್ಕೋರು ಕೇಳಿದರು, ನಾನು ಜಂಬದಿಂದಲೇ ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು.

“ಹಗಲ ಬಂತಾ? ನೀ ಏನೂ ಕೆಣಕಲಿಲ್ಲಾ? ಬಾಯಾಗ ಜೊಲ್ಲ ಇತ್ತಾ?”

ಹೌದೆಂದೆ. ಅವರು ನನ್ನನ್ನು ನೀರಿನ ಹರವಿಯ ಹತ್ತಿರ ಎಳೆದೊಯ್ದು ಬಟ್ಟೆ ಬಿಚ್ಚಿ, ಅರಿವೆ ತೊಳೆಯುವ ಸಾಬೂನಿನಿಂದ ಗಾಯವನ್ನು ರಕ್ತ ಬರುವ ಹಾಗೆ ತಿಕ್ಕಿದರು. ನಾನು ಅತ್ತರೆ ಬೆನ್ನಿಗೆ ಗುದ್ದಿದರು. ಆಮೇಲೆ ಮಣಿಕಟ್ಟು ಹಿಡಿದು ನಮ್ಮ ಮನೆಗೆ ನಡೆದರು. ಕಾಕಾ ಕಟ್ಟೆಯ ಮೇಲೆ ಕೂತು ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಚಿಗವ್ವ, ಅವನ ಹೆಂಡತಿ, ಹೊಸ್ತಿಲಲ್ಲಿ ಕೂಸನ್ನು ಹಾಕಿಕೊಂಡು ಕೂತಿದ್ದಳು.

“ಈಕೀನ ದವಾಖಾನಿಗೆ ಒಯ್ಯತೀನಿ. ನೀನೂ ನಡಿ. ಹೊಟ್ಟಿಗೆ ಹದಿನಾಲ್ಕ ಸೂಜಿ ಹಾಕಸ್ಕೋಬೇಕು. ಅದಕ್ಕ ಹುಚ್ಚ ಹಿಡದಿತ್ತು.”

“ಸೂಜಿ ನಾಯಿ ಕಚ್ಚಿದವರಿಗೆ. ಅದು ಮುಂಗುಸಿ.”

“ಮರಿಗೆ ಮೊಲಿ ಕುಡಿಸೂ ಪ್ರಾಣಿ ಎಲ್ಲಾಕ್ಕೂ ಆ ರೋಗ ಹತ್ತತೈತಿ. ನಾಯಿಗೂ ಹತ್ತತೈತಿ, ಮುಂಗುಸಿಗೂ ಹತ್ತತೈತಿ. ನನಗೂ, ನಿನಗೂ.”

“ಮತ್ತ ಸುರು ಮಾಡಿದಿ?” ಕಾಕಾ ಎದ್ದ. “ಊರಾಗ ನನ್ನ ತತ್ತಿ ಪೈಲ್ವಾನ ಮಾಡಿದಿ. ಈಗ ಹೊಟ್ಟಿಗೆ ಸೂಜಿ ಚುಚ್ಚಿಸಿ ಹುಚ್ಚ ನಾಯಿ ಮಾಡತೀ ಏನು?”

ಅಂದವನೇ ಅವರ ಕೆನ್ನೆಗೆ ಹೊಡೆದ. ಆ ಕೈ ಆಳುಗಳನ್ನು ಎತ್ತಿ ಒಗೆಯುವ ಕೈ. ಅಕ್ಕೋರು ಗೋಡೆಗೆ ಬಡಿದು ಕುಸಿದರು. ಬಾಯಿ ತುಂಬ ರಕ್ತ. ಒಂದು ಹಲ್ಲನ್ನು ನೆಲಕ್ಕೆ ಉಗುಳಿದರು. ಇಷ್ಟಾದರೂ ನನ್ನ ಮಣಿಕಟ್ಟು ಬಿಡಲಿಲ್ಲ, ನಾನೂ ಅವರ ಜೊತೆಗೆ ಬಿದ್ದಿದ್ದೆ. ಎದ್ದು ನಿಂತು ಅಂದರು:

“ಬೇಕಾರ ಇನ್ನೊಂದ ಹೊಡಿ. ಹೊಡದ ಮ್ಯಾಲ ನೀನೂ ಬಸ್ ಹತ್ತು.”

ಕಾಕಾ ಮತ್ತೆ ಕೈ ಎತ್ತಿದ. ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಮೈದುನನೆದುರು ಎಂದೂ ತಲೆ ಎತ್ತಿ ಮಾತಾಡಿದವಳಲ್ಲ. ನನ್ನ ಎರಡು ಜೊತೆ ಬಟ್ಟೆ ಕಟ್ಟಿದ ಗಂಟನ್ನು ಅಕ್ಕೋರ ಕೈಗಿಟ್ಟು, “ಕರಕೊಂಡ ಹೋಗ್ರಿ, ಅಕ್ಕೋರ” ಎಂದಳು. ಕಾಕಾ ಅತ್ತಿಗೆಯ ಮುಖ ನೋಡಿದ. ಎತ್ತಿದ ಕೈ ಇಳಿಸಿದ. ತಾನು ಮಾತ್ರ ಬರಲಿಲ್ಲ.

ಬಿಜಾಪುರದ ದವಾಖಾನೆಯಲ್ಲಿ ಕಂಪೌಂಡರು ಅಕ್ಕೋರ ಒಡೆದ ತುಟಿ ನೋಡಿ, ಪೆಟ್ಟಾದದ್ದು ಅವರಿಗೇ ಎಂದು ತಿಳಿದು ಕುರ್ಚಿ ಕೊಟ್ಟ. ಅವರು ನನ್ನ ಕೈ ಮುಂದೆ ಮಾಡಿದರು. ಡಾಕ್ಟರು ಎಲ್ಲ ಕೇಳಿ, “ಮುಂಗುಸಿಗೂ ಹತ್ತತೈತಿ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದರು. “ನಾಕನೇ ಇಯತ್ತಾ ಪುಸ್ತಕದಾಗ ಸಸ್ತನಿ ಅಂತ ಐತ್ರಿ. ಸಸ್ತನಿಗೆಲ್ಲ ಹತ್ತತೈತಿ ಅಂತ ಟ್ರೇನಿಂಗಿನ್ಯಾಗ ಓದಿದ್ದೆ. ಎರಡೂ ಕೂಡಿಸಿದೆ” ಎಂದರು. ಡಾಕ್ಟರು ತಲೆಯಾಡಿಸಿ ಚೀಟಿ ಬರೆದರು.

ಹದಿನಾಲ್ಕು ದಿನ ಅವರ ಮನೆಯಲ್ಲಿದ್ದೆ. ದಿನಾ ಹೊಕ್ಕುಳದ ಸುತ್ತ ಒಂದು ಸೂಜಿ. ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ಸೂಜಿ ಹೊರಗೆ ಬರುವವರೆಗೆ ಅಕ್ಕೋರು ನನ್ನ ಕಾಲ ಮೇಲೆ ಮೊಣಕಾಲೂರಿ ಕೂರುತ್ತಿದ್ದರು. ಐದನೆಯ ದಿನ ಅವರ ಮುಂಗೈಗೆ ಹಲ್ಲು ಊರಿಬಿಟ್ಟೆ. ನನ್ನ ಕೆನ್ನೆಗೆ ಒಂದು ಕೊಟ್ಟು, ತಮ್ಮ ಕೈ ನೋಡಿಕೊಂಡು, “ಹಲ್ಲ ಗಟ್ಟಿ ಅದಾವ. ಪಕ್ಕಾ ಸಸ್ತನಿ” ಎಂದರು. ಮನೆಯಲ್ಲಿ ಅವರ ತಾಯಿ ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಹೊಟ್ಟೆಯ ಮೇಲೆ ಕೈಯಾಡಿಸುತ್ತ, “ಈಕಿ ಸಣ್ಣಾಕಿದ್ದಾಗಿಂದ ಹಿಂಗ, ಬೇಟಿ. ಜೀವಾ ಕೊಡತಾಳ, ಚಲೋ ಮಾತು ಒಂದು ಕೊಡೂದಿಲ್ಲ” ಎನ್ನುತ್ತಿದ್ದರು.

ಶಾಲೆಗೆ ಸೂಟಿ ಬಿದ್ದಮೇಲೂ ಅಕ್ಕೋರು ಟಿಕೋಟಾಕ್ಕೆ ಹೋಗುತ್ತಿದ್ದರು, ಕಾಕಾನ ಸಲುವಾಗಿ. ಒಮ್ಮೆ ಅವನು ಮುಖ ತಿರುಗಿಸಿದ. ಒಮ್ಮೆ ಅವರ ಮೇಲೆ ನಾಯಿ ಬಿಟ್ಟ. ಮೂರನೆಯ ಸಲ ಅವರು ತಾಲೀಮಿಗೇ ಹೋಗಿ, ಹೆಂಗಸರು ಕಾಲಿಡದ ಕೆಮ್ಮಣ್ಣಿನ ಅಂಚಿನಲ್ಲಿ ನಿಂತು, ಅಲ್ಲಿಯ ಉಸ್ತಾದರಿಗೆ ಕೈ ಮುಗಿದು ಬುದ್ಧಿ ಹೇಳಿರೆಂದರು. ಹುಡುಗರು ಹಿಂದಿನಿಂದ ಕೋಳಿಯ ಹಾಗೆ ಕೂಗಿದರು. ಕಾಕಾ ಎಲ್ಲರೆದುರು ಮಣಿಕಟ್ಟು ತೋರಿಸಿ, “ಮಾದೈತಿ ನೋಡ್ರಿ” ಎಂದ. ಗಾಯ ನಿಜವಾಗಿಯೂ ಮಾಯ್ದಿತ್ತು.

ಎರಡು ತಿಂಗಳ ಮೇಲೆ, ಶಾಲೆ ಮತ್ತೆ ಶುರುವಾದ ವಾರ, ಆ ಮಾಯ್ದ ಗಾಯ ಕೆರೆಯತೊಡಗಿತು. ಕಾಕಾ ರಕ್ತ ಬರುವ ಹಾಗೆ ಕೆರೆದುಕೊಂಡ. ಮರುದಿನ ಜ್ವರ. ಅದರ ಮರುದಿನ ಚಿಗವ್ವ ನೀರು ಕೊಟ್ಟಳು, ತಂಬಿಗೆ ತುಟಿಗೆ ತಾಗುವ ಮೊದಲೇ ಅವನ ಗಂಟಲು ಹಿಂಡಿಕೊಂಡಿತು. ತಂಬಿಗೆಯನ್ನು ಗೋಡೆಗೆ ಒಗೆದ. ಗಾಳಿ ಬೀಸಿದರೆ ನಡುಗಿದ. ಬಾಗಿಲ ಚೌಕಟ್ಟು ಕಿತ್ತ. ಆರು ಜನ ಸೇರಿ ಹಿತ್ತಲ ಕೋಣೆಯಲ್ಲಿ ಹೊರಸಿನ ಮಂಚಕ್ಕೆ ಹಗ್ಗದಿಂದ ಬಿಗಿದರು. ಹಗ್ಗ ಮಾಂಸಕ್ಕೆ ಇಳಿಯಿತು. ಅವನ ಕೂಗು ಮನುಷ್ಯರದಾಗಿರಲಿಲ್ಲ ಎಂದು ಊರು ಇವತ್ತಿಗೂ ಹೇಳುತ್ತದೆ. ಸುಳ್ಳು. ಅದು ನಮ್ಮ ಕಾಕಾನ ದನಿಯೇ, ನಾನು ಗೋಡೆಯಾಚೆ ಕೂತು ಕೇಳಿದ್ದೇನೆ. ನಡುನಡುವೆ ತಿಳಿವು ಬಂದಾಗ ನನ್ನ ಹೆಸರು ಹಿಡಿದು, “ಆಕೀಗೆ ಏನೂ ಆಗಿಲ್ಲಲ್ಲ?” ಎಂದು ಕೇಳುತ್ತಿದ್ದ. ಆಮೇಲೆ, “ಅಕ್ಕೋರನ ಕರೀರಿ” ಎಂದ.

ಅಕ್ಕೋರು ಶಾಲೆ ಬಿಟ್ಟು ಓಡಿ ಬಂದರು. ಬಿಜಾಪುರಕ್ಕೆ ಹೊರಟ ಬಸ್ಸಿನ ಡ್ರೈವರನ ಕೈಯಲ್ಲಿ ಡಾಕ್ಟರಿಗೆ ಚೀಟಿ ಕೊಟ್ಟು ಬಂದಿದ್ದರು. ಕಾಕಾ ಅವರನ್ನು ನೋಡಿ, “ಈಗ ಸೂಜಿ ಹಾಕಸ್ರಿ, ಅಕ್ಕೋರ. ಎಷ್ಟ ಬೇಕಾರ ಹಾಕಸ್ರಿ” ಎಂದ.

ಅವರು ಸುಳ್ಳು ಹೇಳಬಹುದಿತ್ತು. “ಈಗ ಆಗೂದಿಲ್ಲಪ್ಪಾ. ಹೊತ್ತು ಮೀರೈತಿ” ಎಂದರು. ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತರು.

ಮಧ್ಯಾಹ್ನದ ಹೊತ್ತಿಗೆ ಉಸ್ತಾದರು ಮತ್ತು ಮೂವರು ಗಂಡಸರು ಎರಡು ದಪ್ಪ ಕೌದಿ ಹೊತ್ತು ಬಂದರು. ಅದು ಯಾತಕ್ಕೆಂದು ನನಗೆ ಗೊತ್ತಾಗಲಿಲ್ಲ, ಅವ್ವ ನನ್ನ ಕಣ್ಣು ಮುಚ್ಚಿದಾಗ ಗೊತ್ತಾಯಿತು. ಅಕ್ಕೋರು ಬಾಗಿಲಿಗೆ ಅಡ್ಡ ನಿಂತರು.

“ಸರೀರಿ, ಅಕ್ಕೋರ. ಅವನ ಸಂಕಟಾ ನೋಡಾಕಾಗವಲ್ತು. ಬಿಡಸೂದು ಪುಣ್ಯೇದ ಕೆಲಸ.”

“ಉಸಿರ ಕಟ್ಟಿಸಿ, ಹುಚ್ಚ ನಾಯಿ ಕೊಂದಂಗ ಕೊಲ್ಲತೀರೇನು?”

“ನೀವ ಕಲಿಸೀರಲ್ಲ, ನಾಯಿ ಮನಷ್ಯಾ ಎಲ್ಲಾ ಒಂದ ಅಂತ?” ಉಸ್ತಾದರು ಚುಚ್ಚಿದ್ದಲ್ಲ, ಅಳುತ್ತಲೇ ಅಂದರು.

ಅಕ್ಕೋರು ಛತ್ರಿಯನ್ನು ಬಾಗಿಲಿಗೆ ಅಡ್ಡ ಹಿಡಿದರು. ತುಟಿ ಕಚ್ಚಿದರು, ಮುರಿದ ಹಲ್ಲಿನ ಸಂದಿ ಕಂಡಿತು.

“ಒಂದ ಗುಂಪು ಅಂದೆ. ಒಂದ ಅನ್ನಲಿಲ್ಲ.”

ಒಬ್ಬ ಮುನ್ನುಗ್ಗಿದ. ಅಕ್ಕೋರು ಮಡಚಿದ ಛತ್ರಿಯಿಂದ ಅವನ ಮುಖಕ್ಕೆ ಬಾರಿಸಿದರು. ಅವನು ಅವರ ಜಡೆ ಹಿಡಿದು ನೆಲಕ್ಕೆ ಎಳೆದ. ಬಿದ್ದಲ್ಲೇ ಅವರು ಅವನ ಕಾಲು ಕಚ್ಚಿಕೊಂಡು ಹಿಡಿದರು, ಅವನು ಒದ್ದ, ಅವರು ಬಿಡಲಿಲ್ಲ. ಒಳಗೆ ಕಾಕಾ ಕೂಗುತ್ತಿದ್ದ, ಹೊರಗೆ ಹೆಂಗಸರು. ಎಷ್ಟು ಹೊತ್ತು ನಡೆಯಿತೋ, ಕಡೆಗೆ ಓಣಿಯ ತುದಿಯಲ್ಲಿ ಡಾಕ್ಟರ ಮೋಟಾರ್ ಸೈಕಲ್ಲಿನ ಸದ್ದಾಯಿತು. ಡಾಕ್ಟರು ನಿದ್ದೆಯ ಔಷಧ ಚುಚ್ಚಿದರು. ಕಾಕಾನ ಕೂಗು ಸಣ್ಣಗಾಗಿ ನಿಂತಿತು. ಹೊತ್ತು ಇಳಿಯುವ ಮುಂಚೆ, ನಿದ್ದೆಯಲ್ಲೇ ಹೋದ. ಹಗ್ಗ ಬಿಚ್ಚಿದವರು ಅಕ್ಕೋರು.

ನಮ್ಮೂರು ಇದಕ್ಕೆ ಅವರಿಗೆ ಕೊಟ್ಟದ್ದು ಕಲ್ಲು. ಆಕೆಯ ನಾಲಿಗೆ ಕರಿ, ಹುಚ್ಚು ಹಿಡಿಯುತ್ತದೆ ಎಂದು ಹೇಳಿ ಹೇಳಿ ಹಿಡಿಸಿದಳು ಎಂದರು. ಮೂರನೆಯ ದಿನ ಬಸ್ಸಿನಿಂದ ಇಳಿಯುವಾಗಲೇ ತಾಲೀಮಿನ ಹುಡುಗರು ಕಲ್ಲು ತೂರಿದರು. ಹಣೆ ಒಡೆಯಿತು. ನಮ್ಮ ಆಯಿ ಬಾಗಿಲಲ್ಲಿ ನಿಂತು ಸಗಣಿ ಎಸೆದಳು, “ನನ್ನ ಮಗನ್ನ ತಿಂದಾಕಿ” ಎಂದಳು. ಮರುದಿನ ಅಕ್ಕೋರು ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದು ಹಾಜರಿ ಕೂಗಿದರು. ಐದನೇ ಇಯತ್ತೆಗೂ ಅವರೇ ನಮಗೆ, ನಲವತ್ತರಲ್ಲಿ ಏಳು ಹುಡುಗಿಯರು ಇದ್ದೆವು. ಅವತ್ತೂ ಒಬ್ಬಳಿಗೆ ಹೊಡೆದರು.

ಆ ವರ್ಷವೇ ಅವರಿಗೆ ಬಬಲೇಶ್ವರಕ್ಕೆ ವರ್ಗವಾಯಿತು. ಓಡಿಸಿದೆವು ಎಂದು ಊರು ಬೀಗಿತು. ಚಿಗವ್ವನೂ ಕೂಸು ನೀಲವ್ವನನ್ನು ಕಟ್ಟಿಕೊಂಡು ತವರಿಗೆ ಹೋದಳು. ಅವಳ ತವರೂ ಬಬಲೇಶ್ವರವೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನಮಗಾರಿಗೂ ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯಲು ಬಂದಾಗ ನಾನು ಶಿಕ್ಷಕಿಯ ಟ್ರೇನಿಂಗಿಗೆ ಹೊರಟಿದ್ದೆ. ಹೋಗುವ ಮೊದಲು ಚಿಗವ್ವನನ್ನು ನೋಡಲು ಬಬಲೇಶ್ವರಕ್ಕೆ ಹೋದೆ. ನೀಲವ್ವ ಆಗ ಮೂರನೇ ಇಯತ್ತೆ. ಅವಳ ಅಕ್ಕೋರು ಯಾರೆಂದು ಗೊತ್ತಾದಾಗ ನಾನು ನೆಲದ ಮೇಲೆ ಕೂತುಬಿಟ್ಟೆ. ಚಿಗವ್ವ ಮೆಲ್ಲಗೆ ಹೇಳಿದಳು: “ವರ್ಗಾ ಯಾರೂ ಮಾಡಲಿಲ್ಲವ್ವಾ. ತಾವ ಕೇಳಿ ಮಾಡಿಸ್ಕೊಂಡ್ರು. ಕೂಸು ನಡಿಯಾಕ ಬಂದ ದಿನದಿಂದ, ಸಾಲಿಗೆ ಯಾವಾಗ ಹಚ್ಚತಿ ಅಂತ ಗಂಟ ಬಿದ್ದಿದ್ರು.”

ಸಂಜೆ ಶಾಲೆಗೆ ಹೋದೆ. ಅಕ್ಕೋರ ಕೂದಲು ಬೆಳ್ಳಗಾಗಿದ್ದವು. ಕೈಯಲ್ಲಿ ಬರಲು ಇತ್ತು. ನನ್ನನ್ನು ನೋಡಿ ಮೊದಲು ಹೆಬ್ಬೆರಳಿನ ಬುಡ ನೋಡಿದರು. ಇಷ್ಟು ವರ್ಷ ಗಂಟಲಲ್ಲಿದ್ದ ಮಾತು ಕೇಳಿಯೇಬಿಟ್ಟೆ. “ಯಾಕ ಅಷ್ಟ ಹೊಡೀತಿದ್ರಿ, ಅಕ್ಕೋರ?”

“ಹೊಡೀದಂಗ ಕಲಸೂದು ನನಗ ಯಾರೂ ತೋರಸಲಿಲ್ಲ” ಎಂದರು. ಬರಲನ್ನು ಮೇಜಿನ ಮೇಲಿಟ್ಟು ಅಂದರು: “ಹೊಡತಾ ಹೋಗಲಿ. ಆ ಮಾತ ಆಡಬಾರದಿತ್ತು ನಾನು. ಹುಡಿಗ್ಯಾರ ಮುಂದ ಅವನ್ನ ನಗಿಗೀಡ ಮಾಡಿದೆ. ಅದೊಂದ ಮಾತ ಆಡದಿದ್ರ, ಅವ ಅವತ್ತ ಬಸ್ ಹತ್ತತಿದ್ದ. ಮುಂಗುಸಿ ಕಚ್ಚಿದ್ದು ಆಮ್ಯಾಲ. ಮೊದಲ ಕಚ್ಚಿದಾಕಿ ನಾನು.”

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಅವರು ಸುಳ್ಳನ್ನು ಸಹಿಸುವವರೂ ಅಲ್ಲ.

ಮನೆಗೆ ತಿರುಗಿ ಬಂದಾಗ ನೀಲವ್ವ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. “ಅಕ್ಕೋರಿಗೆ ಒಂದ ಮಾತ ಹೇಳಕ್ಕಾ. ಎಲ್ಲಾರ್ನೂ ಹೊಡೀತಾರ, ನನ್ನೊಬ್ಬಾಕೀನ ಹೊಡಿಯೂದಿಲ್ಲ. ತಪ್ಪ ಹೇಳಿದ್ರೂ ಹೊಡಿಯೂದಿಲ್ಲ. ಹುಡಿಗ್ಯಾರು ನನ್ನ ಜೋಡಿ ಆಡಾಕ ಒಲ್ಲೆ ಅಂತಾರ.”

ಮುಂಜಾನೆ ಬಸ್ಸಿಗೆ ಮೊದಲು ಹೋಗಿ ಇದನ್ನು ಅಕ್ಕೋರಿಗೆ ಹೇಳಿದೆ. ಅವರು ಮೇಜಿನ ಮೇಲಿನ ಬರಲನ್ನು ಕೈಗೆತ್ತಿಕೊಂಡರು. ಕಿಟಕಿಯಿಂದ ಹೊರಗೆ ಒಗೆದರು. “ಹಂಗಾರ ಯಾರ್ನೂ ಹೊಡಿಯೂದಿಲ್ಲ” ಎಂದರು.

ಅವರು ಆ ಮಾತು ಉಳಿಸಿಕೊಂಡರು ಎಂದು ಬರೆಯುವ ಆಸೆ ನನಗೆ ಬಹಳ. ಚಿಗವ್ವ ಯಾರದೋ ಕೈಯಲ್ಲಿ ಬರೆಸಿದ ಕಾಗದ ಟ್ರೇನಿಂಗಿನ ಹಾಸ್ಟೆಲಿಗೆ ಬಂತು. ಹದಿನೈದು ದಿನ ಬರೀ ಕೈಯಲ್ಲಿ ಪಾಠ ಮಾಡಿದರಂತೆ. ಹದಿನಾರನೆಯ ದಿನ ಯಾರೋ ತಿಮಿಂಗಿಲವನ್ನು ಮೀನಿನ ಮನೆಗೆ ಹಾಕಿದರು, ಇಡೀ ಸಾಲು ಹೌದೌದು ಎಂದಿತು. ಅಕ್ಕೋರು ತುಟಿ ಕಚ್ಚಿ, ಹೊರಗೆ ಹೋಗಿ ಹುಣಸೆ ಗಿಡದಿಂದ ಬರಲು ಮುರಿದು ತಂದು, ಸಾಲಿಗೆಲ್ಲ ಒಂದೊಂದು ಕೊಟ್ಟರು. ನೀಲವ್ವನ ಮುಂದೆ ಬಂದು ನಿಂತರು. ಅವಳು ಕೈ ಚಾಚಿದಳು. ಅವಳಿಗೂ ಒಂದು ಕೊಟ್ಟರಂತೆ.

ಆ ಸಂಜೆ ನೀಲವ್ವ ಮನೆಗೆ ಬಂದಾಗ ಅವಳ ಹಿಂದೆ ಐದಾರು ಹುಡುಗಿಯರಿದ್ದರು. ಎಲ್ಲರೂ ಕೆಂಪಾದ ಅಂಗೈಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತ, ಯಾರದು ಹೆಚ್ಚು ಬಾತಿದೆ ಎಂದು ಜಗಳಾಡುತ್ತ ಅಂಗಳದಲ್ಲಿ ಕುಂಟಾಟಕ್ಕೆ ಗೆರೆ ಹಾಕಿದರಂತೆ. ಮೊದಲ ಆಟ ನೀಲವ್ವನದು.